ಹಿಂದಿನ ಸೀಟಿನ ಇಮೆಲ್ಡಾ

“ಕಾಲಿನ ಕಡೆ ಎತ್ತಿ, ಬಾಗಿಲಿಗೆ ತಾಗ್ತದೆ!” ಆಂಡ್ರ್ಯೂ ಕೂಗಿದ. ಉಡುಪಿಯ ಶವಾಗಾರದ ಮುಂದೆ ಅವನ ಅಣ್ಣ ಮೌರಿಸನ ಪೆಟ್ಟಿಗೆಯನ್ನು ವ್ಯಾನಿನೊಳಗೆ ತಳ್ಳುತ್ತಿದ್ದರು. ಕಾಪುವಿನ ಮನೆಯಲ್ಲಿ ಸ್ವಲ್ಪ ಹೊತ್ತು ಇಳಿಸಿ, ಸಂಜೆಯೊಳಗೆ ಇಗರ್ಜಿಗೆ ಒಯ್ಯಬೇಕಿತ್ತು. ಮೌರಿಸನ ಹೆಂಡತಿ ಇಮೆಲ್ಡಾ ಅಳಲಿಲ್ಲ. ಪೋಸ್ಟ್‌ಮಾರ್ಟಂ ಮುಗಿಯಲೆಂದು ಬೆಂಚಿನ ಮೇಲೆ ಕುಳಿತೂ ಕುಳಿತೂ ಅವಳ ಕಣ್ಣು ಬತ್ತಿಹೋಗಿತ್ತು.

ಕಾರ್ಕಳದ ಗುಣಪಾಲ ಹತ್ತಿರ ಬಂದ. ರ‍್ಯಾಲಿಗಳಲ್ಲಿ ಕಾರು ಓಡಿಸುವವನು. ಮೆಕ್ಯಾನಿಕ್ ಮೌರಿಸ್ ಕೊನೆಯದಾಗಿ ಕಟ್ಟಿದ್ದು ಅವನ ಕಾರಿನ ಇಂಜಿನ್ನು.

“ಕಾರು ಅಪ್ಪಚ್ಚಿ ಆಗಿದೆ, ಅಕ್ಕ. ಇಂಜಿನ್ನಿಗೆ ಮಾತ್ರ ಎಂತ ಆಗಲಿಲ್ಲ. ಮೌರಿಸಣ್ಣನ ಕೆಲಸ ಅಲ್ವಾ.”

“ಅದರ ರನ್ನಿಂಗ್-ಇನ್ ಮುಗಿಯಲಿಲ್ಲ,” ಎಂದಳು ಇಮೆಲ್ಡಾ.

“ಇನ್ನು ಯಾರು ಮಾಡುವುದು? ಬೇರೆ ಕಾರಿಗೆ ಕೂರಿಸಿ ಹಾಗೇ ಓಡಿಸ್ತೇನೆ. ಆದಿತ್ಯವಾರ ರ‍್ಯಾಲಿ ಉಂಟು.”

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ಬಾರಿಸಲಿಲ್ಲ. ವ್ಯಾನ್ ಹತ್ತಿ, ಪೆಟ್ಟಿಗೆಯ ಪಕ್ಕ, ಬಲಗಡೆಯ ಕಿಟಕಿಗೆ ಕೂತಳು.

*

ಚಿನ್ನದಂಗಡಿಯ ತಕ್ಕಡಿ ತಂದು ಪಿಸ್ಟನ್ ತೂಗುವ ಮನುಷ್ಯ ಮೌರಿಸ್. ನಾಲ್ಕೂ ಸಮ ತೂಗುವವರೆಗೆ ಉಜ್ಜಿ ಉಜ್ಜಿ, ಊಟಕ್ಕೆ ಕರೆದರೆ ಸಿಡುಕುತ್ತಿದ್ದ. ಊರವರ ಕಾರು ಗಾಳಿಯ ಹಾಗೆ ಹಾರಲೆಂದು ಇಷ್ಟೆಲ್ಲ ಒದ್ದಾಡುವವನು ತಾನು ಹೊರಟರೆ ಮಾತ್ರ ಸ್ಕೂಟರಿನವರೂ ತಿರುಗಿ ನೋಡಿ ನಗಬೇಕು, ಅಷ್ಟು ನಿಧಾನ. ಹೊಸ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವ ಮೊದಲೇ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೆಡುತ್ತದೆ. ಅದಕ್ಕೇ ಕಾಪುವಿನಿಂದ ಕಾರ್ಕಳಕ್ಕೆ, ಕಾರ್ಕಳದಿಂದ ಕಾಪುವಿಗೆ, ದಿನಗಟ್ಟಲೆ ಮೆಲ್ಲನೆ ಓಡಿಸಿ ಹದಮಾಡುತ್ತಿದ್ದ; ಅದೇ ರನ್ನಿಂಗ್-ಇನ್. ಕಿವಿಯೆಲ್ಲ ಇಂಜಿನ್ನಿನ ಮೇಲೆ. ಹಿಂದಿನಿಂದ ಲಾರಿ ಎಷ್ಟೇ ಹಾರ್ನ್ ಹೊಡೆದರೂ ಅವನಿಗೆ ಕೇಳುತ್ತಿರಲಿಲ್ಲ.

ಹಾಗಾಗಿ ಮದುವೆಯಾದಂದಿನಿಂದ ಇಮೆಲ್ಡಾ ಹಿಂದಿನ ಸೀಟಿನಲ್ಲಿ. ಬಲಗಡೆಯ ಕಿಟಕಿಯಿಂದ ಕೈ ಹೊರಹಾಕಿ ಬೀಸುವುದು ಅವಳ ಕೆಲಸ: ನೀವು ಮುಂದೆ ಹೋಗಿ. ಚರ್ಮುರಿ ತಿಂದದ್ದು, ಜಗಳವಾಡಿದ್ದು, ಮಕ್ಕಳಾಗಲಿಲ್ಲವೆಂದು ಅತ್ತದ್ದು, ಎಲ್ಲ ಆ ದಾರಿಯಲ್ಲೇ.

ಮೊನ್ನೆ ಅವಳ ಮೊಣಕಾಲು ಊದಿತ್ತು. “ನಾಳೆ ಹೋಗುವ,” ಎಂದಳು. ಗುಣಪಾಲನಿಗೆ ಅವಸರವೆಂದು ಮೌರಿಸ್ ಒಬ್ಬನೇ ಅವನ ಕಾರು ತೆಗೆದುಕೊಂಡು ಹೊರಟ. ಪಡುಬಿದ್ರಿ ತಲುಪುವ ಮೊದಲೇ ಹಿಂದಿನಿಂದ ಟಿಪ್ಪರ್ ಬಂದು ಗುದ್ದಿತು.

*

“ಸ್ವಲ್ಪ ಬೇಗ ಬಿಡಿ ಮಾರಾಯ್ರೆ, ಪಾದ್ರಿಗಳು ಕಾಯ್ತಾರೆ,” ಎಂದ ಆಂಡ್ರ್ಯೂ, ವ್ಯಾನ್ ಚಾಲಕನಿಗೆ.

“ಬೇಡ. ನಿಧಾನವೇ ಹೋಗಲಿ,” ಎಂದಳು ಇಮೆಲ್ಡಾ.

ಆಂಡ್ರ್ಯೂ ಮುಂದಿನ ಸೀಟಿನಿಂದ ತಿರುಗಿದ. “ಅತ್ತಿಗೆ, ನೀವು ಅವತ್ತು ಹೋಗದ್ದು ದೇವರ ದಯೆ. ಹಿಂದಿನ ಸೀಟು ಉಳಿಯಲೇ ಇಲ್ಲ.”

“ನಾನು ಇದ್ದಿದ್ದರೆ ಟಿಪ್ಪರ್ ಪಕ್ಕದಲ್ಲಿ ಹೋಗ್ತಿತ್ತು.”

ಆಂಡ್ರ್ಯೂ ಮುಂದಕ್ಕೆ ತಿರುಗಿ ಕೂತ. ಕಟಪಾಡಿ ಕಳೆಯಿತು. ಹೆದ್ದಾರಿಯಲ್ಲಿ ಹಿಂದಿನಿಂದ ಹಾರ್ನ್ ಕೇಳಿತು, ದೊಡ್ಡ ಗಾಡಿಯದು. ಇಮೆಲ್ಡಾ ಒಂದು ಕೈಯಿಂದ ಪೆಟ್ಟಿಗೆಯನ್ನು ಹಿಡಿದುಕೊಂಡಳು. ಇನ್ನೊಂದು ಕೈ ಕಿಟಕಿಯ ಹೊರಗೆ ಹೋಯಿತು. ಲಾರಿ ಧೂಳೆಬ್ಬಿಸಿ ಪಕ್ಕದಿಂದ ದಾಟಿತು.

ಹಿಂದೆ ರಸ್ತೆ ಖಾಲಿಯಾಗಿತ್ತು. ಕಾಪು ಬರುವವರೆಗೂ ಅವಳು ಕೈ ಬೀಸುತ್ತಲೇ ಇದ್ದಳು.