ಅಮ್ಮ ಕೊನೆಗೆ ಕೊಯ್ದ ಎಲೆ

ನಮ್ಮ ಇಸ್ತ್ರಿ ಅಂಗಡಿಯ ಕಿಟಕಿಯಲ್ಲಿ, ಹಿಡಿ ಮುರಿದ ಪಾತ್ರೆಯೊಂದರಲ್ಲಿ, ಅಮ್ಮನ ಲೋಳೆಸರದ ಗಿಡವಿದೆ. ಮಧ್ಯಾಹ್ನ ಒದ್ದೆ ಬಟ್ಟೆಗಳಿಂದ ಹಬೆ ಎದ್ದಾಗ ಗಾಜು ಮಸುಕಾಗಿ, ಗಿಡ ನೀರಿನೊಳಗಿರುವಂತೆ ಕಾಣುತ್ತದೆ. ಪಕ್ಕದಲ್ಲಿ ಅಮ್ಮ ನಿಂತಂತೆಯೂ ಅನ್ನಿಸುತ್ತದೆ. ನಾನು ಆ ಕಡೆ ನೇರವಾಗಿ ನೋಡುವುದಿಲ್ಲ. ನೋಡಿದರೆ ಹೊರಟುಹೋಗುತ್ತಾಳೆ.

ಬದುಕಿದ್ದಾಗ ಅವಳದು ದೊಡ್ಡ ದರ್ಬಾರು. ಸೊಳ್ಳೆ ಕಚ್ಚಿದರೆ ಪುದೀನ ಜಜ್ಜಿ ಹಚ್ಚುವಳು, ತರಚು ಗಾಯಕ್ಕೆ ಅರಿಸಿನ, ಇಸ್ತ್ರಿಪೆಟ್ಟಿಗೆ ತಗುಲಿದ ಕೈಗೆ ಲೋಳೆಸರ. ಮೊದಲು ನಲ್ಲಿಯಡಿ ಕೈ ಹಿಡಿಸಿ, ನಮಗೆ ಸಾಕುಸಾಕಾಗುವಷ್ಟು ಹೊತ್ತು ನಿಲ್ಲಿಸುವಳು. ಆಮೇಲೆ ಗಿಡದ ತೀರಾ ಕೆಳಗಿನ ಎಲೆಯ ತುದಿಯಿಂದ ಎರಡು ಬೆರಳಷ್ಟು ಮಾತ್ರ ಕೊಯ್ದು, ಹಳದಿ ರಸ ಇಳಿಸಿ, ಸೀಳಿ, ಲೋಳೆ ಸವರಿ ಊದುವಳು. "ಅಗೋ, ನೋವು ಗಿಡಕ್ಕೆ ಹೋಯ್ತು!" ನನಗೆ ಗಿಡದ ಮೇಲೆ ಅಯ್ಯೋ ಅನ್ನಿಸುತ್ತಿತ್ತು. ತಮ್ಮ ಮಾತ್ರ ಗಿಡಕ್ಕೆ "ಸಾರಿ" ಅಂದು ಆಟಕ್ಕೆ ಓಡುತ್ತಿದ್ದ.

ಅಮ್ಮ ತೀರಿಹೋಗುವ ಒಂದು ವಾರ ಮೊದಲು ನನ್ನ ಮಣಿಕಟ್ಟು ಸುಟ್ಟಿತ್ತು. ಆಗ ಅವಳು ಕೊಯ್ದ ಗುರುತು ಕೆಳಗಿನ ಎಲೆಯ ತುದಿಯಲ್ಲಿ, ಸ್ವಲ್ಪ ಓರೆಯಾಗಿ, ಒಣಗಿ ಕೂತಿದೆ. ನನ್ನ ಕೈಯ ಕಲೆ ಮಾಯವಾಯಿತು, ಗಿಡದ್ದು ಉಳಿಯಿತು. ಅಂದಿನಿಂದ ಆ ಗಿಡ ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಎಲೆ ಕೇಳಿದ ಗಿರಾಕಿಯ ಅಂಗಿಯ ಕಾಲರಿನಲ್ಲಿ ಬೇಕೆಂದೇ ಒಂದು ಸುಕ್ಕು ಬಿಟ್ಟು ಕಳಿಸಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ, ಏನು ಮಾಡಲಿ.

ನಿನ್ನೆ ತಮ್ಮ ತಾನು ಕೆಲಸ ಮಾಡುವ ಬೇಕರಿಯಿಂದ ನೇರ ಇಲ್ಲಿಗೆ ಬಂದ. ಒಲೆಯ ತಟ್ಟೆ ತಗುಲಿ ಮುಂಗೈ ಕೆಂಪಾಗಿತ್ತು, ಗುಳ್ಳೆ ಎದ್ದಿರಲಿಲ್ಲ. ನಲ್ಲಿಯಡಿ ಹಿಡಿದೇ ಬಂದಿದ್ದ, ತೋಳು ಇನ್ನೂ ಒದ್ದೆ.

"ಒಂದು ಚೂರು ಕೊಯ್ದು ಕೊಡಕ್ಕಾ."

"ಡ್ರಾಯರಲ್ಲಿ ಮುಲಾಮಿದೆ ನೋಡು."

"ಗಿಡ ಎದುರಿಗೇ ಇಟ್ಕೊಂಡು ಮುಲಾಮಾ?"

"ಕೆಳಗಿನದು ಅಮ್ಮ ಕೊಯ್ದಿರೋ ಎಲೆ ಕಣೋ."

ಅವನು ಬಗ್ಗಿ ನೋಡಿದ. ದನಿ ಇಳಿಯಿತು. "ಬುಡದಲ್ಲಿ ಹಳದಿ ಆಗ್ತಾ ಇದೆಯಲ್ಲಕ್ಕಾ. ನೀನು ಮುಟ್ಟದೇ ಇದ್ರೂ ಬಿದ್ದು ಹೋಗುತ್ತೆ."

ದಿನಾ ನೀರು ಹಾಕುವ ನನಗೇ ಅದು ಕಂಡಿರಲಿಲ್ಲ. ಮೇಲಿನ ಎಲೆ ಕೊಯ್ಯಬಹುದಿತ್ತು. ಆದರೆ ಅಮ್ಮನ ಕ್ರಮ ಮುರಿದು ಅಮ್ಮನ ಗುರುತು ಉಳಿಸುವುದು ಎಂಥ ಬುದ್ಧಿ? ಹಬೆ ಏರುತ್ತಿತ್ತು. ಕಿಟಕಿಯ ಬಳಿ ಯಾರೋ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದರು. ನಾನು ನೇರವಾಗಿ ನೋಡಲಿಲ್ಲ.

ಚಾಕು ತಂದೆ. ಹಳೆಯ ಗುರುತಿನಿಂದ ಎರಡು ಬೆರಳು ಅಳೆದು ಕೊಯ್ದೆ. ಹಳದಿ ರಸ ಇಳಿಸಿ, ಒಣಗಿದ ತುದಿಯನ್ನು ಕತ್ತರಿಸಿ ಮೇಜಿನ ಮೇಲಿಟ್ಟೆ. ಎಲೆ ಸೀಳಿ ತಮ್ಮನ ಮುಂಗೈಗೆ ಲೋಳೆ ಸವರಿದೆ. ಊದಲು ಹೋದರೆ ಉಸಿರು ಬರಲಿಲ್ಲ, ಅಳು ಬಂತು. ಇಷ್ಟು ದಿನ ಅಳದ ನಾನು ಇಸ್ತ್ರಿಯಾದ ಬಟ್ಟೆಗಳ ಮೇಲೆಲ್ಲ ಅತ್ತೆ.

ತಮ್ಮ ನನ್ನ ಕೈಯಲ್ಲಿದ್ದ ಚೂರನ್ನು ಮೆಲ್ಲಗೆ ತೆಗೆದುಕೊಂಡ. "ನಿಂಗೆಲ್ಲಿ ನೋವು? ತೋರ್ಸು."

ತೋರಿಸಲು ನನ್ನ ಬಳಿ ಗಾಯವಿರಲಿಲ್ಲ. ಅವನು ಕಾಯಲೂ ಇಲ್ಲ. ನನ್ನ ಮುಷ್ಟಿ ಬಿಡಿಸಿ, ಅಂಗೈ ಪೂರ್ತಿ ಸವರಿ, ತನ್ನ ಇನ್ನೊಂದು ತೋಳಿನ ಮೇಲಿನ ಹಿಟ್ಟು ಹಾರುವಷ್ಟು ಜೋರಾಗಿ ಊದಿದ.

"ಅಗೋ," ಎಂದ. ಗಿಡದ ಕಡೆ ಕೈ ತೋರಿಸಿದ. ನನ್ನ ಅಂಗೈ ತಣ್ಣಗಾಗಿತ್ತು.