ತೊಳೆದ ಎಣ್ಣೆ

"ಇದರಲ್ಲಿದ್ದ ಎಣ್ಣೆ ಎಲ್ಲಿ?" ಎಂದು ಕೇಳುವಾಗಲೇ ಮೇಸ್ತ್ರಿಗೆ ಉತ್ತರ ಗೊತ್ತಾಗಿತ್ತು. ಕ್ಯಾನು ಅರ್ಧ ಖಾಲಿಯಾಗಿತ್ತು. ಒಲೆಯ ಮೇಲಿನ ಬಾಣಲೆ ಇನ್ನೂ ಬೆಚ್ಚಗಿತ್ತು.

"ಮನೆ ಎಣ್ಣೆ ಮುಗಿದಿತ್ತು ಕಣ್ರೀ. ಮಗಳು ಆಲೂಗಡ್ಡೆ ಕರಿದು ಕೊಡಮ್ಮ ಅಂತ ಒಂದೇ ಹಠ. ಬಸುರಿ ಬಾಯಿಗೆ ಇಲ್ಲ ಅನ್ನೋಕಾಗುತ್ತಾ?" ಎಂದಳು ಹೆಂಡತಿ. "ನೀವೇ ಹೇಳಿದ್ರಲ್ಲ, ಗಿಡದ ಎಣ್ಣೆ, ಕುಡಿದ್ರೂ ಏನೂ ಆಗಲ್ಲ ಅಂತ."

ಹೇಳಿದ್ದು ನಿಜ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿಗೆ, ಅದನ್ನು ತಂಪಾಗಿಡಲು ಒಳಗೆ ತುಂಬುವ ಖನಿಜ ಎಣ್ಣೆಯ ಬದಲು, ಮೊದಲ ಸಲ ಸೋಯಾ ಎಣ್ಣೆ ಬಂದಾಗ ಎಲ್ಲರೆದುರು ಒಂದು ಚಮಚ ನೆಕ್ಕಿ ಮೀಸೆ ಒರೆಸಿಕೊಂಡ ಆಸಾಮಿ ಇವನೇ. ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ, ಚೆಲ್ಲಿದರೆ ಮಣ್ಣಲ್ಲಿ ಮಣ್ಣಾಗುತ್ತದೆ ಎಂದು, ತಾನೇ ಗಾಣ ತಿರುಗಿಸಿದವನಂತೆ ಹೊಗಳಿದ್ದ. ಕಿರುಗುಟ್ಟುವ ಗೇಟಿಗೆ ಬಿಡೋಣವೆಂದು, ಉಳಿದಿದ್ದ ಒಂದು ಕ್ಯಾನು ಮನೆಗೂ ತಂದಿದ್ದ.

ಈಗಷ್ಟೇ ಶೆಡ್ಡಿನಿಂದ ಫೋನ್ ಬಂದಿತ್ತು. ಉಳಿದ ಹೊಸ ಎಣ್ಣೆ ಇಲ್ಲೇ ಇದೆ ಮೇಸ್ತ್ರಿ, ತೊಳೆದ ಎಣ್ಣೆಯ ಕ್ಯಾನೇ ಕಾಣ್ತಿಲ್ಲ ಅಂತ.

ಹಳೆಯ ಟ್ರಾನ್ಸ್‌ಫಾರ್ಮರಿಗೆ ಗಿಡದ ಎಣ್ಣೆ ತುಂಬುವ ಮೊದಲು, ಅದೇ ಎಣ್ಣೆಯನ್ನು ಬಿಸಿಮಾಡಿ ಒಳಗೆಲ್ಲ ಆಡಿಸಿ, ಹಿಂದೆ ಇದ್ದ ಖನಿಜ ಎಣ್ಣೆಯ ಜಿಡ್ಡು ತೊಳೆದು ತೆಗೆಯುತ್ತಾರೆ. ಆ ಹಳೇ ಎಣ್ಣೆಯಲ್ಲಿ ಏನೇನು ವಿಷವಿರುತ್ತದೋ ಎಂದು ಯಾರನ್ನೂ ಬರಿಗೈಯಲ್ಲಿ ಮುಟ್ಟಲು ಬಿಡುತ್ತಿರಲಿಲ್ಲ ಈ ಮೇಸ್ತ್ರಿ. ಹಾಗೆ ತೊಳೆದ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಕ್ಯಾನಿಗೇ ಸುರಿದು, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದಿಡುವುದು ಶೆಡ್ಡಿನ ರೂಢಿ. ಎಣ್ಣೆಗೈಗಳ ನಡುವೆ ಸೀಮೆಸುಣ್ಣ ಎಷ್ಟು ಹೊತ್ತು ಉಳಿದೀತು? ಅಷ್ಟು ಬುದ್ಧಿ ಯಾರಿಗೂ ಓಡಿರಲಿಲ್ಲ, ಇವನಿಗೂ.

ಬೆರಳು ಅದ್ದಿ ಮೂಸಿದ. ಸೋಯಾದ ಹಿಂದೆ ಸೀಮೆಎಣ್ಣೆಯಂಥ ಇನ್ನೊಂದು ವಾಸನೆ.

ಹೊರಗಿನ ಕೋಣೆಯಲ್ಲಿ ಮಗಳು ಖಾಲಿ ತಟ್ಟೆ ಹಿಡಿದು ನಗುತ್ತಿದ್ದಳು. "ನಿಂಗೂ ನಾಲ್ಕು ಉಳಿಸೋಣ ಅಂದ್ಕೊಂಡೆ ಅಪ್ಪಾ, ನಿನ್ನ ಮೊಮ್ಮಗು ಬಿಡಲಿಲ್ಲ."

"ಏಳು ಮಗಳೇ. ಡಾಕ್ಟ್ರಿಗೆ ಒಂದ್ಸಲ ತೋರಿಸ್ಕೊಂಡು ಬರೋಣ."

"ಯಾಕೆ? ಗುಂಡುಕಲ್ಲಿನ ಹಾಗಿದೀನಿ!"

ಮೇಸ್ತ್ರಿ ಒಳಗೆ ಹೋಗಿ ಕ್ಯಾನು ಎತ್ತಿಕೊಂಡು ಬಂದ. ಭಯವೆಂದರೆ ಇಂಥ ಭಯವನ್ನು ಜೀವಮಾನದಲ್ಲಿ ಪಟ್ಟಿರಲಿಲ್ಲ. ಕರೆಂಟು ಹೊಡೆದು ಬಿದ್ದಾಗಲೂ ಇಲ್ಲ. ಆಟೋದಲ್ಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತ. ಮಗಳು ದಾರಿಯುದ್ದಕ್ಕೂ ಗೇಲಿ ಮಾಡಿದಳು. ತೊಟ್ಟಿಲು ಕಟ್ಟೋ ಮೊದಲೇ ಅಜ್ಜನಿಗೆ ಗಾಬರಿ ನೋಡು, ಎಂದಳು.

"ಯಾವ ಎಣ್ಣೆ ಇದು?" ಎಂದರು ಡಾಕ್ಟರು.

ಇಡೀ ಶೆಡ್ಡಿಗೆ ಎಣ್ಣೆಯ ಪಾಠ ಹೇಳುವವನು ಕ್ಯಾನನ್ನು ಅವರ ಮುಂದೆ ತಳ್ಳಿದ. ಮಗಳೇ ಅವನ ಕೈ ಹಿಡಿದುಕೊಂಡು ಉತ್ತರ ಕೊಟ್ಟಳು. "ಅಪ್ಪನ ಕೆಲಸದ್ದು ಡಾಕ್ಟ್ರೇ, ಗಿಡದ ಎಣ್ಣೆ. ಕುಡಿದ್ರೂ ಏನೂ ಆಗಲ್ಲ. ಸುಮ್ನೆ ಹೆದರ್ತಾರೆ."

"ಅಲ್ಲ ಮಗಳೇ," ಎಂದ ಮೇಸ್ತ್ರಿ. "ಇದು ಹಳೇ ಟ್ರಾನ್ಸ್‌ಫಾರ್ಮರ್ ತೊಳೆದದ್ದು."

ಅವಳು ಅವನನ್ನೇ ನೋಡಿದಳು. ಆಮೇಲೆ ಅವನ ಕೈ ಬಿಟ್ಟು, ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.