ತುಟಿ ದಾಟಿದ ಮಾತು

೧೯೬೩ರ ಬೇಸಿಗೆ, ಮಧ್ಯಾಹ್ನ ಮೂರರ ಹೊತ್ತು. ಅಹಮದಾಬಾದಿನ ಖಮಾಸಾ ಬಡಾವಣೆಯ ಒಂದು ಮನೆಯಲ್ಲಿ ಹನೋಖ್ ಪೇಣ್ಕರ್ ಕಡೆಯ ಉಸಿರು ಎಳೆಯುತ್ತಿದ್ದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಕಬ್ಬಿಣ ಬಡಿದು, ಆಮೇಲೆ ಈ ಊರಿಗೆ ಬಂದು ನೆಲೆಸಿದ ಯೆಹೂದಿ. ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಹೆಂಡತಿ ರಾಹೇಲಬಾಯಿಯ ಜೊತೆ ‘ಶೆಮಾ’ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಿ ಮುಗಿಸಿದವನೇ ಅವಳ ಕೈ ಹಿಡಿದ.

“ನಿನ್ನ ಮಗ ಬಿನ್ಯಾಮಿನ ಇವತ್ತಿಲ್ಲ ನಾಳೆ ಇಸ್ರೇಲಿಗೆ ಹೋಗಾವನ. ನೀ ಹೋಗಬ್ಯಾಡ. ಈ ಮಣ್ಣಿನಾಗ ನನ್ನ ಒಬ್ಬನ್ನ ಬಿಡಬ್ಯಾಡ. ಹೂಂ ಅನ್ನು.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ತಲೆ ಆಡಿಸಿದಳು. ಅವನು ಕಿವಿಗೊಟ್ಟು ಕಾದ. ಕಾಯುತ್ತಲೇ ಪ್ರಾಣ ಹೋಯಿತು. ಕಣ್ಣಿಲ್ಲದವನಿಗೆ ತಲೆಯಾಡಿಸಿದೆನಲ್ಲ ಎಂದು ಆಮೇಲೆ ಅವಳಿಗೆ ಹೊಳೆಯಿತು.

ಮರುವರ್ಷ ಇಸ್ರೇಲಿಗೆ ಹೋಗಲು ಮಗನ ಕಾಗದಪತ್ರ ಬಂದವು, ತಾಯಿಯವೂ ಸೇರಿ. ಆಗ ಅವಳು ಮಗನಿಗೆ ನಡೆದದ್ದು ಹೇಳಿದಳು.

“ಬಾಯಿಲೆ ಅಂದಿಯೇನು, ಆಯಿ?”

“ಇಲ್ಲಪ್ಪ. ತಲಿ ಆಡಿಸಿದೆ.”

ಬಿನ್ಯಾಮಿನನ ಮುಖ ಅರಳಿತು. “ಹಂಗಾದ್ರ ಅದು ಹರಕಿ ಅಲ್ಲ. ತುಟಿ ದಾಟಿದ್ದಕ್ಕಷ್ಟ ಕಟ್ಟು ಅಂತ ಅಪ್ಪನ ಕಲಿಸಿದ್ದ. ನೀ ಬಿಡುಗಡಿ ಆದಿ.”

ಪ್ರಾರ್ಥನಾಮಂದಿರದ ಹಿರಿಯರೂ ಅದನ್ನೇ ಹೇಳಿದರು. ರಾಹೇಲಬಾಯಿ ಟ್ರಂಕಿಗೆ ಸೀರೆ ಮಡಚಿಟ್ಟಳು. ಆದರೆ ಅವಳ ಬೆಳಗಿನ ಪ್ರಾರ್ಥನೆಯ ದನಿ ದಿನದಿಂದ ದಿನಕ್ಕೆ ಇಳಿಯಿತು.

ಪಕ್ಕದ ಮನೆಯ ರಮಾಮಣಿ ಗದಗಿನವಳು. ವಿಮಾ ಕಚೇರಿಯ ಗಂಡನ ಹಿಂದೆ ಬಂದವಳು. ಗೋಡೆಯಾಚೆಯಿಂದಲೇ ಕೇಳಿದಳು:

“ಏನ್ರೀ ರಾಹೇಲಕ್ಕ, ನಿಮ್ಮ ದೇವರ ಕಿವಿ ನೆಟ್ಟಗ ಆದುವೇನು? ಮೊದಲ ಓಣಿಗೆಲ್ಲ ಕೇಳೂಹಂಗ ಕೂಗ್ತಿದ್ರಿ!”

“ಅವಂಗ ಯಾವಾಗ್ಲೂ ಕೇಳಸ್ತದವಾ. ಗಟ್ಟಿ ಅನ್ನೂದು ನನ್ನ ಕಿವಿ ಸಲುವಾಗಿ. ಈಗ ನನ್ನ ದನಿ ಕೇಳಾಕ ನನಗ ನಾಚಿಕಿ.” ಗೋಡೆಯ ಹತ್ತಿರ ಬಂದು ಅಂದಳು, “ನನ್ನ ಜೋಡಿ ಗೋರಿ ತನಕ ಬರ್ತಿಯೇನು?”

ದಾರಿಯಲ್ಲಿ ನಡೆದದ್ದೆಲ್ಲ ಕೇಳಿಸಿಕೊಂಡಿದ್ದ ರಮಾಮಣಿಗೆ, ಹನೋಖನ ಗೋರಿಗಲ್ಲಿನ ಮುಂದೆ ನಿಂತಾಗ, ಅವಳು ಬಾಯಿಬಿಟ್ಟು ಮಾತು ಕೊಡಲು ಬಂದದ್ದು ತಿಳಿದುಹೋಯಿತು. ಸೆರಗು ಹಿಡಿದು ಎಳೆದಳು.

“ಅಕ್ಕಾ, ಇರಾವ ಒಬ್ಬನ ಮಗ. ಅಂದಮ್ಯಾಲ ಬಿಡಿಸ್ಕೊಳ್ಳಾಕ ಬರೂದಿಲ್ಲ. ಸುಮ್ಮನಿರ್ರಿ.”

“ಹೋದ ವರ್ಷ ಸುಮ್ಮನಿದ್ದೆನಲ್ಲ.”

ರಾಹೇಲಬಾಯಿ ಕಲ್ಲಿನತ್ತ ತಿರುಗಿದಳು. “ಬಿನ್ಯಾಮಿನನ ಅಪ್ಪಾ, ನಾ ಹೋಗೂದಿಲ್ಲ. ನಿಮ್ಮ ಮಗ್ಗಲದಾಗ ಮಣ್ಣಾಗ್ತೀನಿ.” ದನಿ ಒಡೆದು ಮಾತು ಪೂರ್ತಿ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು, ಗಟ್ಟಿಯಾಗಿ.

ಮಗ ರೇಗಿದ, ಅತ್ತ. “ಯಾರೂ ಕೇಳಿಲ್ಲ ಅಂದ್ಬಿಡು ಆಯಿ” ಎಂದ.

“ರಮಾಮಣಿ ಕೇಳ್ಯಾಳ. ನಾನೂ ಕೇಳೀನಿ.”

ಎರಡು ದಿನ ಅವನು ಅವಳ ಕೂಡ ಮಾತಾಡಲಿಲ್ಲ. ಮೂರನೆಯ ದಿನ ಹೋಗಿ ಅವಳ ಟಿಕೆಟ್ಟು ರದ್ದು ಮಾಡಿಸಿ ಬಂದ. ಹೊರಡುವಾಗ ಕಾಲಿಗೆ ಬಿದ್ದವನನ್ನು ಅವಳು ಎಬ್ಬಿಸಲೇ ಇಲ್ಲ, ಬಹಳ ಹೊತ್ತು ತಲೆಯ ಮೇಲೆ ಕೈಯಿಟ್ಟುಕೊಂಡೇ ನಿಂತಳು. ಬಿನ್ಯಾಮಿನ ಒಬ್ಬನೇ ಮುಂಬಯಿ ಗಾಡಿ ಹತ್ತಿದ್ದು ೧೯೬೪ರ ಜೂನ್ ಹದಿನೈದು, ಸೋಮವಾರ.